ಇಪ್ಪತ್ತೇಳು ಗ್ರಾಮಿನ ಗಾಳಿಮರೆ

ಸೋದರಮಾವ ಕರುಣಾಕರ ತೀರಿಹೋದ ಒಂಬತ್ತನೇ ದಿನ ಹರ್ಷಿಣಿ ಕಟಪಾಡಿಯ ಅವರ ಪ್ರೆಸ್ಸಿಗೆ ಹೋಗಿ, ಅವರದೇ ಮುಖವಿದ್ದ ಅಲ್ಯೂಮಿನಿಯಂ ಪ್ಲೇಟನ್ನು ಎತ್ತಿಕೊಂಡಳು.

ಸುತ್ತಮುತ್ತಲಿನ ಅರ್ಧ ಊರಿನ ಉತ್ತರಕ್ರಿಯೆಯ ಕಾರ್ಡು ಅಚ್ಚಾಗುತ್ತಿದ್ದದ್ದು ಆ ಪ್ರೆಸ್ಸಿನಲ್ಲೇ. ಈಗ ಮಾಲಕರ ಕಾರ್ಡೂ ಅಲ್ಲೇ ಅಚ್ಚಾಗಿತ್ತು. ಕಾಗದಕ್ಕೆ ಇಳಿಯುವ ಮೊದಲು ಫೋಟೊ, ಅಕ್ಷರ ಎಲ್ಲ ಮೂಡುವುದು ಈ ತೆಳ್ಳನೆಯ ಪ್ಲೇಟಿನ ಮೇಲೆ. ಮಾವನ ಮೀಸೆ, ದಪ್ಪ ಕನ್ನಡಕ, ಕೆಳಗೆ ಹದಿನಾರನೇ ದಿನದ ಉತ್ತರಕ್ರಿಯೆ, ಅಂದರೆ ಬೊಜ್ಜದ ತಾರೀಕು, ಎಲ್ಲವೂ ತಿಳಿನೀಲಿಯಲ್ಲಿ.

"ಅದನ್ನು ಅಲ್ಲೇ ಇಡು ಮಾರಾಯ್ತಿ," ಎಂದ ಮೆಷಿನ್ ನಡೆಸುವ ಎಡ್ವಿನ್. "ಸಾವಿನ ಪ್ಲೇಟ್ ಅದು. ಮುಖ ಒರೆಸದೆ ಹೊರಗೆ ಕೊಡ್ಲಿಕ್ಕಿಲ್ಲ. ಬೊಜ್ಜದ ಒಳಗೆ ಒರೆಸಿ ಆಗಬೇಕು. ನಿನ್ನ ಮಾವನೇ ಮಾಡಿದ ರೂಲ್ಸ್."

"ನನಗೆ ಮುಖ ಇರುವುದೇ ಬೇಕು ಎಡ್ವಿನಣ್ಣ."

"ಎಂತಕ್ಕೆ?"

"ಸ್ಟವ್‌ಗೆ."

ಎಡ್ವಿನ್‌ಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಅವನು ಯೋಚಿಸುವಷ್ಟರಲ್ಲಿ ಪ್ಲೇಟು ಅವಳ ಬ್ಯಾಗಿನೊಳಗಿತ್ತು.

ಮಾವ, ಸೊಸೆ ಇಬ್ಬರಿಗೂ ಗುಡ್ಡ ಹತ್ತುವ ಹುಚ್ಚು. ಹುಚ್ಚೆಂದರೆ ಸಾಮಾನ್ಯದ್ದಲ್ಲ, ಭಾರ ಕಡಿಮೆಯಾಗಲೆಂದು ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೂ ಕತ್ತರಿಸಿದವರು. ಹೆಬ್ರಿಯ ಕಡೆಯ ಗುಡ್ಡಕ್ಕೆಂದು ಮಾವ ಹಳೆಯ ತಗಡಿನ ಡಬ್ಬಿಯಲ್ಲಿ ಸ್ಪಿರಿಟ್ ಸ್ಟವ್ ಮಾಡಿದ್ದರು. ಉಳಿದದ್ದು ಗಾಳಿಮರೆ ಒಂದೇ. ಬೆಂಕಿಯ ಸುತ್ತ ನಿಲ್ಲಿಸುವ ಹಗುರ ತಗಡು. ಅದಿಲ್ಲದಿದ್ದರೆ ಗುಡ್ಡದ ಗಾಳಿಗೆ ಸ್ಪಿರಿಟ್ ಉರಿ ಒಂದು ನಿಮಿಷ ನಿಲ್ಲುವುದಿಲ್ಲ. ಅದರ ಅಳತೆ ಬರೆದಿಟ್ಟ ಮರುದಿನವೇ ಮೆಷಿನಿನ ಪಕ್ಕದಲ್ಲಿ ಮಾವನ ಎದೆಬಡಿತ ನಿಂತುಹೋಯಿತು.

ಹರ್ಷಿಣಿಗೆ ಆ ಬೊಜ್ಜವೇ ಬೇಡವಾಗಿತ್ತು. ಅಂದು ಒಳಕೋಣೆಯಲ್ಲಿ ಬಾಳೆಲೆ ಹಾಕಿ ಬಡಿಸಿ ಬಾಗಿಲು ಮುಚ್ಚುತ್ತಾರೆ. ಸತ್ತವರು ಬಂದು ಉಣ್ಣುತ್ತಾರೆ, ಹಿರಿಯರ ಸಾಲಿಗೆ ಸೇರುತ್ತಾರೆ. ಆಮೇಲೆ ಅವರು ಮಾವ ಅಲ್ಲ, ಹಿರಿಯರು. ಅತ್ತೆ ನಳಿನಾಕ್ಷಿಯಾದರೋ ಆ ದಿನವನ್ನೇ ಕಾಯುತ್ತಿದ್ದರು. "ಅವರು ಉಣ್ಣದೆ ನಾನು ಅನ್ನ ಮುಟ್ಟುವುದಿಲ್ಲ," ಎಂದು ಎಳನೀರು, ಬಾಳೆಹಣ್ಣಿನಲ್ಲೇ ದಿನ ದೂಡುತ್ತಿದ್ದರು. ಕಣ್ಣು ಗುಳಿ ಬಿದ್ದಿತ್ತು.

ಮಣಿಪಾಲದ ತನ್ನ ರೂಮಿನಲ್ಲಿ ಹರ್ಷಿಣಿ ಪ್ಲೇಟನ್ನು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರಕ್ಕೆ ಕತ್ತರಿಸಿದಳು, ಮುಖ ಕತ್ತರಿಗೆ ಸಿಕ್ಕದ ಹಾಗೆ. ಕೈ ಕೊಯ್ಯದಂತೆ ಅಂಚು ಮಡಚಿದಳು. ಗಾಳಿಯೇ ಇಲ್ಲದಿದ್ದರೆ ಬೆಂಕಿ ಸಾಯುತ್ತದಲ್ಲ, ಅದಕ್ಕೆ ಕೆಳಗಡೆ ಪಂಚಿಂಗ್ ಮೆಷಿನಿನಿಂದ ಸಾಲಾಗಿ ತೂತು ಹೊಡೆದಳು. ಪಾತ್ರೆಯ ಸುತ್ತ ಒಂದು ಬೆರಳು ಜಾಗ ಬಿಟ್ಟು ಸುತ್ತಿ, ತುದಿಗಳಿಗೆ ಪೇಪರ್ ಕ್ಲಿಪ್ ಸಿಕ್ಕಿಸಿದಳು. ಮುಖ ಒಳಗಡೆ, ಬೆಂಕಿಯ ಕಡೆ. ತೂಕ ನೋಡಿದರೆ ಇಪ್ಪತ್ತೇಳೇ ಗ್ರಾಮ್!

ಮರುದಿನ ಸಂಜೆ ನಾಲ್ಕಕ್ಕೆ ಗೆಳೆಯ ಉಜ್ವಲ್‌ನನ್ನು ಎಳೆದುಕೊಂಡು ಕಾಪು ಕಡಲಿಗೆ ಹೋದಳು. ಸುಡುಬಿಸಿಲು, ಮುಖಕ್ಕೆ ಮರಳು ಎರಚುವ ಗಾಳಿ. ದೀಪಸ್ತಂಭದ ಬಂಡೆಯ ಮೇಲೆ ಸ್ಟವ್ ಹಚ್ಚಿ, ಕುಚ್ಚಲಕ್ಕಿ ಗಂಜಿಯ ಪಾತ್ರೆ ಇಟ್ಟಳು.

"ಮ್ಯಾಗಿ ಆದರೂ ಮಾಡಬಹುದಿತ್ತು. ಕಡಲ ಬದಿಗೆ ಬಂದು ಗಂಜಿಯಾ?" ಎಂದ ಉಜ್ವಲ್.

"ಮಾವನಿಗೆ ಗಂಜಿಯೇ ಆಗಬೇಕು."

ಅವನು ತಟ್ಟನೆ ಅವಳ ಮುಖ ನೋಡಿದ. ಅವಳು ಬೆಂಕಿ ನೋಡುತ್ತಿದ್ದಳು. ಉಜ್ವಲ್‌ನ ಟೋಪಿ ಹಾರಿಹೋಯಿತು, ಅವಳ ಶಾಲು ಪಟಪಟ ಬಡಿಯಿತು. ಗಾಳಿಮರೆಯೊಳಗಿನ ಉರಿ ಮಾತ್ರ ಅಲುಗಲಿಲ್ಲ. ಚಿತ್ರ ಬರೆದಿಟ್ಟ ಹಾಗೆ ನೆಟ್ಟಗೆ ನಿಂತಿತ್ತು. ಮುಕ್ಕಾಲು ಗಂಟೆ ಬೇಯುವ ಅಕ್ಕಿ ಹತ್ತು ನಿಮಿಷದಲ್ಲಿ ಅರಳಿತು.

ಹರ್ಷಿಣಿ ಮುಚ್ಚಳ ತೆಗೆದಳು. ಕಂಠದವರೆಗೆ ಇದ್ದ ಗಂಜಿ ಅರ್ಧಕ್ಕೆ ಇಳಿದಿತ್ತು. ಉಕ್ಕಿದ ಗುರುತಿಲ್ಲ, ಬಂಡೆಯ ಮೇಲೆ ಒಂದು ಅಗುಳಿಲ್ಲ.

"ಆವಿಯಾಗಿರಬೇಕು," ಎಂದ ಉಜ್ವಲ್, ಒಂದು ಹೆಜ್ಜೆ ಹಿಂದೆ ಸರಿದು.

"ಅಕ್ಕಿಯೂ ಆವಿ ಆಗ್ತದಾ ಮಾರಾಯ?"

ಅವಳ ದನಿಯಲ್ಲಿದ್ದದ್ದು ಹೆದರಿಕೆಯಲ್ಲ, ಖುಷಿ. ಅದನ್ನು ಕಂಡು ಅವನಿಗೆ ಇನ್ನೂ ಹೆದರಿಕೆಯಾಯಿತು. ಟೋಪಿ ಹೆಕ್ಕಲು ಹೋದವನು ಮತ್ತೆ ಬಂಡೆಯ ಕಡೆ ಬರಲಿಲ್ಲ. ಬೈಕಿನ ಹತ್ತಿರವೇ ನಿಂತು ಕಾದ.

ಮುಂದಿನ ದಿನಗಳಲ್ಲಿ ಅವಳು ಒಬ್ಬಳೇ ಹೋದಳು. ಒಂದು ದಿನ ಮಣಿಪಾಲದ ಎಂಡ್ ಪಾಯಿಂಟ್ ಗುಡ್ಡದ ತುದಿಗೆ, ಇನ್ನೊಂದು ದಿನ ಬಸ್ಸು ಹಿಡಿದು ಕಾರ್ಕಳದ ಬಂಡೆಗೆ. ಎಲ್ಲ ಕಡೆಯೂ ಅದೇ ನೆಟ್ಟಗಿನ ಉರಿ, ಹಾಗೆಯೇ ಇಳಿಯುವ ಗಂಜಿ. ಉಳಿದದ್ದನ್ನು ಅವಳು ಉಣ್ಣುತ್ತಿದ್ದಳು, ಮಾವನ ಹತ್ತಿರ ಮಾತಾಡುತ್ತಾ. ದಿನದಿಂದ ದಿನಕ್ಕೆ ಉಳಿಯುವುದು ಕಡಿಮೆಯಾಗುತ್ತಿತ್ತು. ಹದಿನೈದನೇ ದಿನ ಪಾತ್ರೆಯ ತಳ ನೆಕ್ಕಿದಂತೆ ಒಣಗಿತ್ತು.

ಹದಿನಾರನೇ ದಿನ ಅಂಬಲಪಾಡಿಯಲ್ಲಿ ಮಾವನ ಮನೆ ತುಂಬ ನೆಂಟರು. ನಡು ಮಧ್ಯಾಹ್ನ ಒಳಕೋಣೆಯ ಬಾಳೆಲೆಗೆ ಅನ್ನ, ಕೋಳಿ ಪದಾರ್ಥ, ಮೀನು ಬಡಿಸಿದರು. ದೀಪ ಹಚ್ಚಿ, ಕಿಟಕಿ ಮುಚ್ಚಿ, ಬಾಗಿಲು ಎಳೆದರು. ಎಲ್ಲರೂ ಹೊರಗೆ ಕೂತು ಕಾದರು.

ಸ್ವಲ್ಪ ಹೊತ್ತಿನ ನಂತರ ಕುಟುಂಬದಲ್ಲಿ ಎಲ್ಲರಿಗಿಂತ ದೊಡ್ಡವರಾದ ಕೂಸಪ್ಪಜ್ಜ ಮೂರು ಸಲ ತಟ್ಟಿ ಬಾಗಿಲು ತೆಗೆದರು, ಹೊಸ್ತಿಲಲ್ಲೇ ನಿಂತುಬಿಟ್ಟರು. ಗಾಳಿಯೇ ಇಲ್ಲದ ಕೋಣೆಯಲ್ಲಿ ದೀಪದ ಉರಿ ಬಾಗಿಲ ಕಡೆಗೆ ಅಡ್ಡ ಮಲಗಿತ್ತು, ಬಿರುಗಾಳಿಗೆ ಸಿಕ್ಕಿದ ಹಾಗೆ. ಆರುತ್ತಲೂ ಇಲ್ಲ, ಏಳುತ್ತಲೂ ಇಲ್ಲ. ಬಿಸಿಯಾಗಿ ಬಡಿಸಿದ ಅನ್ನ ಕಲ್ಲಿನಂತೆ ತಣ್ಣಗಾಗಿತ್ತು.

"ಬರಲಿಲ್ಲ ಇವ," ಎಂದರು ಕೂಸಪ್ಪಜ್ಜ. "ಇವನಿಗೆ ಹೊಟ್ಟೆ ತುಂಬಿದೆ. ಯಾರೋ ಬೇರೆ ಕಡೆ ಬಡಿಸ್ತಾ ಇದ್ದಾರೆ."

ಅತ್ತೆ ಅಳಲಿಲ್ಲ. ಗೋಡೆಗೆ ಒರಗಿ ಮೆಲ್ಲಗೆ ಕುಸಿದು ಕೂತರು. "ಇರಲಿ ಅಜ್ಜ, ನಾಳೆ ಪುನಃ ಬಡಿಸುವ. ಬರುವವರೆಗೆ ನಾನು ಕಾಯ್ತೇನೆ."

ಅತ್ತೆ ನೀರಿನ ಲೋಟ ಎತ್ತಿದರು. ಬಳೆಗಳು ಮೊಣಕೈವರೆಗೆ ಜಾರಿದ್ದವು. ಇನ್ನು ನಾಲ್ಕು ದಿನ ಈ ಜೀವ ತಡೆಯಲಿಕ್ಕಿಲ್ಲ. ಹರ್ಷಿಣಿ ಬ್ಯಾಗಿನಿಂದ ಗಾಳಿಮರೆ ತೆಗೆದು ಅತ್ತೆಯ ಮುಂದಿಟ್ಟಳು.

"ನಾನೇ ಅತ್ತೆ. ನಾನೇ ಬಡಿಸಿದ್ದು."

ಅತ್ತೆ ಪ್ಲೇಟಿನ ಸುರುಳಿ ಬಿಡಿಸಿದರು. ದಿನವೂ ಬೆಂಕಿ ತಗಲಿದ ತಗಡು. ಅಕ್ಷರಗಳೆಲ್ಲ ಸುಟ್ಟು ಕಂದಾಗಿದ್ದವು. ಮುಖಕ್ಕೆ ಮಾತ್ರ ಒಂದು ಚೂರು ಮಸಿಯಿಲ್ಲ. ಕೆನ್ನೆ ತುಂಬಿಕೊಂಡಿತ್ತು.

"ನನ್ನನ್ನು ಬಿಟ್ಟು ನಿನ್ನ ಹತ್ತಿರ ಉಂಡರಾ?" ಅಷ್ಟೇ ಕೇಳಿದರು ಅತ್ತೆ.

ಜಗಲಿಯಲ್ಲಿದ್ದ ಎಡ್ವಿನ್ ಎದ್ದು ಬೈಕು ಹತ್ತಿದ. ಅರ್ಧ ಗಂಟೆಯಲ್ಲಿ ಪ್ರೆಸ್ಸಿನಿಂದ ಪ್ಲೇಟು ಒರೆಸುವ ಮದ್ದಿನ ಬಾಟಲಿ, ಹತ್ತಿಬಟ್ಟೆ ತಂದು ಹರ್ಷಿಣಿಯ ಕೈಗಿತ್ತ. "ತೆಗೆದುಕೊಂಡು ಹೋದವಳೇ ಒರೆಸಬೇಕು."

ಅವಳು ಮೊದಲು ತಾರೀಕು ಒರೆಸಿದಳು, ಆಮೇಲೆ ಹೆಸರು, ಆಮೇಲೆ ಅಂಗಿ. ಮುಖಕ್ಕೆ ಬಂದಾಗ ಕೈ ನಿಂತಿತು. ತಗಡು ಬೆಚ್ಚಗಿತ್ತು. ಬಟ್ಟೆಯ ಕೆಳಗೆ ಮೀಸೆ ಅದುರಿದ ಹಾಗಾಯಿತು, ನಗು ತಡೆದಾಗ ಮಾವನ ಮೀಸೆ ಅದುರುತ್ತಿದ್ದಂತೆಯೇ. ಹರ್ಷಿಣಿ ಕಣ್ಣು ಮುಚ್ಚಿ ಉಜ್ಜಿದಳು. ಕಣ್ಣು ಬಿಟ್ಟಾಗ ಕೈಯಲ್ಲಿ ಬರೀ ತಗಡು, ತಣ್ಣಗೆ.

ಬಾಳೆಲೆ ಬದಲಿಸಿ ಪುನಃ ಬಡಿಸಿದರು. ಬಾಗಿಲು ಮುಚ್ಚಿತು. ಈ ಸಲ ಒಳಗಿನಿಂದ ಎಲೆ ಸರಿದ ಸದ್ದು ಕೇಳಿಸಿತು, ಬಳಿಕ ಯಾರೋ ನಿಧಾನವಾಗಿ, ಅವಸರವಿಲ್ಲದೆ ಅನ್ನ ಕಲಸುವ ಸದ್ದು. ಮಾವಾ ಎಂದು ಒಂದು ಸಲ ಕೂಗಿದರೆ ಸದ್ದು ನಿಂತು ಅವರು ಈ ಕಡೆ ತಿರುಗುತ್ತಾರೆಂದು ಅವಳಿಗೆ ಖಾತ್ರಿಯಿತ್ತು. ಪಕ್ಕದಲ್ಲಿ ಕೂತ ಅತ್ತೆಯ ಎಲುಬಿನಂಥ ಬೆರಳುಗಳು ಅವಳ ಮಣಿಕಟ್ಟನ್ನು ಹಿಡಿದಿದ್ದವು. ಹರ್ಷಿಣಿ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತಳು, ಸದ್ದು ಪೂರ್ತಿ ನಿಲ್ಲುವವರೆಗೆ.

ಅತ್ತೆ ಗೋಡೆ ಹಿಡಿದು ಎದ್ದರು.

"ನನಗೂ ಒಂದು ಎಲೆ ಹಾಕು," ಎಂದರು.