ಪರಮೇಶ್ವರಿ ಅಮ್ಮನ ಕೈರುಚಿ

“ಇವರನ್ನು ಕಟ್ ಮಾಡ್ಲಾ ಅಕ್ಕಾ?”

ಜಂಶೀರ್ ಕೇಳಿದಾಗ ಸೌಮ್ಯಶ್ರೀ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕಂಪ್ಯೂಟರಿನ ಪರದೆಗೆ ಬಗ್ಗಿದಳು. ಪರದೆಯ ತುಂಬ ಅವಳ ಅತ್ತೆ ಪರಮೇಶ್ವರಿ ನಗುತ್ತಿದ್ದರು. ಯಾರದೋ ಮದುವೆಯ ಹಿಂದಿನ ದಿನ ಅಡಿಗೆ ಚಪ್ಪರದಲ್ಲಿ ತೆಗೆದ ಫೋಟೋ. ಎದುರಿಗೆ ಉಪ್ಪಿನಕಾಯಿಯ ಭರಣಿ, ಮೊಣಕೈವರೆಗೆ ಕೆಂಪು ಮಸಾಲೆ. ಪಕ್ಕದಲ್ಲಿ ಮಾವ, ಹೆಗಲ ಮೇಲೆ ಬೆವರೊರೆಸುವ ಬೈರಾಸು, ಕೈಯಲ್ಲಿ ಉದ್ದದ ಸಟ್ಟುಗ. ಅವರು ಏನೋ ಹೇಳಿರಬೇಕು, ಅದಕ್ಕೇ ಅತ್ತೆ ಹಾಗೆ ಬಾಯಿ ತೆರೆದು ನಕ್ಕದ್ದು. ಮಾವ ತೀರಿಹೋದ ಮೇಲೆ ಆ ನಗುವನ್ನು ಸೌಮ್ಯ ಮನೆಯಲ್ಲಿ ಕಂಡಿರಲಿಲ್ಲ.

“ಮಾಡು. ಅತ್ತೆ ಒಬ್ಬರೇ ಸಾಕು.”

ಜಂಶೀರ್ ಚೌಕದ ಗೆರೆಯನ್ನು ಒಳಕ್ಕೆ ಎಳೆದ. ಮಾವನ ಸಟ್ಟುಗ ಹೋಯಿತು, ಹೆಗಲು ಹೋಯಿತು. ಅತ್ತೆ ಯಾರೂ ಇಲ್ಲದ ಕಡೆಗೆ ತಿರುಗಿ ನಗುತ್ತ ಉಳಿದರು.

ಬೋವಿಕಾನದ ಪೇಟೆಯಲ್ಲಿ ಒಂದು ಮೊಬೈಲ್ ಅಂಗಡಿಯ ಮಹಡಿಯ ಮೇಲೆ ವೆಬ್‌ಸೈಟ್ ಮಾಡಿಕೊಡುವ ಜಂಶೀರನ ಆಫೀಸು. ಸೌಮ್ಯ ಮುಳ್ಳೇರಿಯದಿಂದ ಬಸ್ಸು ಹಿಡಿದು ಅಲ್ಲಿಗೆ ಬಂದದ್ದು ಉಪ್ಪಿನಕಾಯಿ ಮಾರುವ ತನ್ನ ಹಳೆಯ ವೆಬ್‌ಸೈಟಿನ ರಗಳೆಗೆ. ಅದನ್ನು ಅವಳ ತಮ್ಮನ ಗೆಳೆಯನೊಬ್ಬ ಪುಕ್ಕಟೆ ಮಾಡಿಕೊಟ್ಟಿದ್ದ. ಬಾಟ್ಲಿಗಳ ಫೋಟೋ, ಕೆಳಗೆ ಬೆಲೆ, ಎಲ್ಲಕ್ಕಿಂತ ಕೆಳಗೆ ಒಂದು ಫೋನ್ ನಂಬರು. ನೆಂಟರ ಹೊರತು ಯಾರೂ ಉಪ್ಪಿನಕಾಯಿ ತರಿಸಿಕೊಂಡಿರಲಿಲ್ಲ. ಜಂಶೀರ್ ಅದನ್ನು ತನ್ನ ಫೋನಿನಲ್ಲಿ ತೆರೆದು, ಅದು ತೆರೆದುಕೊಳ್ಳುವಷ್ಟರಲ್ಲಿ ಒಂದು ಚಹಾ ಕುಡಿದು ಮುಗಿಸಿದ್ದ.

“ಅಕ್ಕಾ, ಇದ್ರಲ್ಲಿ ಮನುಷ್ಯರೇ ಇಲ್ಲ,” ಎಂದಿದ್ದ. “ಬಾಟ್ಲಿ ಯಾರ ಹತ್ರವೂ ಉಂಟು. ಬೆಂಗಳೂರಲ್ಲಿ ಕೂತವರಿಗೆ ಒಂದು ಅಜ್ಜಿ ಬೇಕು. ನಿಮ್ಮಲ್ಲಿ ಅಜ್ಜಿ ಇಲ್ವಾ?”

ಇದ್ದರು. ಹೀಗೆ ‘ಪರಮೇಶ್ವರಿ ಅಮ್ಮನ ಕೈರುಚಿ’ ಎಂಬ ಹೊಸ ಹೆಸರು ಬಂತು. ಮೊದಲ ಪುಟದಲ್ಲಿ ಅತ್ತೆಯ ನಗು, ಅದರ ಕೆಳಗೇ ಆರ್ಡರ್ ಮಾಡುವ ಗುಂಡಿ, ಕೊನೆಯಲ್ಲಿ ತಿಂದವರು ಅಭಿಪ್ರಾಯ ಬರೆಯುವ ಜಾಗ. ನಡುವೆ ನಾಲ್ಕು ಸಾಲಿನ ಕಥೆ ಬೇಕು ಎಂದ ಜಂಶೀರ್. ಸೌಮ್ಯ ಅಲ್ಲೇ ಕುಳಿತು ಬರೆದುಕೊಟ್ಟಳು: ‘ಮದುವೆ ಉಪನಯನಗಳ ಅಡಿಗೆಯಲ್ಲಿ ಪಳಗಿದ ಪರಮೇಶ್ವರಿ ಅಮ್ಮ ಇಂದಿಗೂ ಪ್ರತಿಯೊಂದು ಭರಣಿಯನ್ನು ತಮ್ಮ ಕೈಯಾರೆ ತುಂಬುತ್ತಾರೆ.’ ಬರೆಯುವಾಗ ‘ಇಂದಿಗೂ’ ಎಂಬಲ್ಲಿ ಪೆನ್ನು ಒಮ್ಮೆ ನಿಂತಿತು. ಆಮೇಲೆ ಮುಂದೆ ಹೋಯಿತು.

ಪರಮೇಶ್ವರಿ ಭರಣಿ ಮುಟ್ಟದೆ ಎರಡು ಮಾವಿನ ಕಾಲ ಕಳೆದಿತ್ತು. ಕೈ ನಡುಗುವ ಕಾಯಿಲೆ ಅವರಿಗೆ ಮೊದಲು ಬೆರಳಲ್ಲಿ ಕಾಣಿಸಿಕೊಂಡಿತು, ಆಮೇಲೆ ಮಣಿಕಟ್ಟಿಗೆ ಹತ್ತಿತು. ಉಪ್ಪು ಎರಡು ಸಲ ಹಾಕಿದ್ದನ್ನು ಸೌಮ್ಯ ಸಹಿಸಿದ್ದಳು. ಆದರೆ ಒಂದು ಬೆಳಿಗ್ಗೆ ದೊಡ್ಡ ಭರಣಿಯೇ ಅವರ ಕೈಯಿಂದ ಜಾರಿ, ಉಪ್ಪುನೀರಿನಲ್ಲಿ ನೆನೆದ ಮಿಡಿಗಳು ಪಿಂಗಾಣಿ ಚೂರುಗಳ ಜೊತೆ ಅಡಿಗೆಮನೆಯ ಮೂಲೆಮೂಲೆಗೆ ಉರುಳಿದವು. ಆ ವರ್ಷದ ಒಳ್ಳೆಯ ಮಿಡಿಯೆಲ್ಲ ಅದರಲ್ಲಿತ್ತು. “ಇನ್ನು ನೀವು ಒಳಗೆ ಬರುವುದು ಬೇಡ,” ಎಂದಳು ಸೌಮ್ಯ, ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ತಲೆಯೆತ್ತದೆ. ಪರಮೇಶ್ವರಿ ಸೆರಗಿನಿಂದ ಕೈ ಮುಚ್ಚಿಕೊಂಡು ಹೊರಗೆ ಹೋದರು. ಅಂದಿನಿಂದ ಅತ್ತೆ ಸೊಸೆಗೆ ನೇರ ಮಾತಿಲ್ಲ. ಏನಿದ್ದರೂ ಸೌಮ್ಯಳ ಗಂಡ ಗಣೇಶಪ್ರಸಾದನ ಮೂಲಕ. ಅವನು ಪೇಟೆಯ ಪಂಪ್‌ಸೆಟ್ ಅಂಗಡಿಯಲ್ಲಿ ಬಿಲ್ಲು ಬರೆಯುವವನು. ಸಂಜೆ ಮನೆಗೆ ಬಂದರೆ ಇಬ್ಬರ ಮಾತನ್ನೂ ಆಚೆಗೀಚೆಗೆ ದಾಟಿಸುವ ಕೆಲಸ.

ಹೊಸ ಸೈಟು ಓಡಿತು. ಮೈಸೂರು, ಪುಣೆ, ಎಲ್ಲೆಲ್ಲಿಂದಲೋ ಆರ್ಡರ್ ಬಂದವು. ‘ಅಜ್ಜಿಯ ನಗು ನೋಡಿಯೇ ಬಾಯಲ್ಲಿ ನೀರು ಬಂತು’ ಎಂದು ಯಾರೋ ಬರೆದರು. ಅಗಲ್ಪಾಡಿಗೆ ಮದುವೆಯಾಗಿ ಹೋದ ನಾದಿನಿ ಅನ್ನಪೂರ್ಣೇಶ್ವರಿ ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ, ‘ನಮ್ಮ ಅಮ್ಮ ಫೇಮಸ್’ ಎಂದು ಬರೆದಳು. ಪರಮೇಶ್ವರಿಗೆ ಫೋನ್ ಕೊಡಿಸಿದ್ದೂ ಅವಳೇ. ಆಚೆ ವರ್ಷವಷ್ಟೇ ಫೋನಿಗೆ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುವ ಸೌಲಭ್ಯ ಬಂದಿತ್ತು. ಬೆರಳು ನಿಲ್ಲದ ಅಮ್ಮನಿಗೆ ಅವಳು ಅದನ್ನೂ ಕಲಿಸಿಕೊಟ್ಟಿದ್ದಳು.

ಆ ಸಂಜೆ ಗಣೇಶಪ್ರಸಾದ ಕೈಕಾಲು ತೊಳೆದು ಬರುವಷ್ಟರಲ್ಲಿ ಪರಮೇಶ್ವರಿ ಚಾವಡಿಯಲ್ಲಿ ಕಾದು ಕುಳಿತಿದ್ದರು.

“ನನ್ನ ಫೋಟೋ ಹಾಕ್ಲಿಕ್ಕೆ ಯಾರು ಹೇಳಿದ್ದು?”

“ಒಳ್ಳೇದೇ ಅಲ್ವಾ ಅಮ್ಮಾ? ಊರೆಲ್ಲ ನೋಡ್ತಾ ಉಂಟು.”

“ಯಾರು ಹೇಳಿದ್ದು ಅಂತ ಕೇಳಿದ್ದು ನಾನು. ತೆಗೀಲಿಕ್ಕೆ ಹೇಳು ಅವಳಿಗೆ.”

ಅಡಿಗೆಮನೆಯಲ್ಲಿ ಸೌಮ್ಯ ಕೇಳಿಸಿಕೊಂಡಳು. ಗಣೇಶಪ್ರಸಾದ ಒಳಗೆ ಬಂದು ಬಾಯಿ ತೆರೆಯುವ ಮೊದಲೇ, “ಈಗ ತೆಗೀಲಿಕ್ಕೆ ಆಗುದಿಲ್ಲ ಅಂತ ಹೇಳಿ,” ಎಂದಳು. ಅವನು ನೀರು ಕುಡಿದು, ಹೊರಗೆ ಹೋಗಿ ನ್ಯೂಸ್ ಹಚ್ಚಿದ.

ಕೆಲವು ದಿನ ಕಳೆದು ಜಂಶೀರನ ಫೋನ್ ಬಂತು. “ಅಕ್ಕಾ, ಯಾರೋ ಒಂದು ಸ್ಟಾರ್ ಕೊಟ್ಟು ಎಂತೆಲ್ಲ ಬರ್ದಿದ್ದಾರೆ. ನೋಡಿ ಒಮ್ಮೆ.”

ಸೌಮ್ಯ ನೋಡಿದಳು. ‘ಈ ಉಪ್ಪಿನಕಾಯಿ ನಾನು ಮಾಡಿದ್ದಲ್ಲ. ಪರಮೇಶ್ವರಿ, ಮುಳ್ಳೇರಿಯ.’

“ತೆಗಿ ಅದನ್ನು,” ಎಂದಳು. ಮೊದಲು ಅದು ನಾದಿನಿಯ ಕಿತಾಪತಿ ಎಂದೇ ಅವಳಿಗೆ ಅನಿಸಿತು. ಜಂಶೀರ್ ತೆಗೆದ. ಮರುದಿನ ಅದು ಮತ್ತೆ ಅಲ್ಲಿತ್ತು, ಇನ್ನಷ್ಟು ಉದ್ದವಾಗಿ: ‘ನನ್ನನ್ನು ಅಡಿಗೆಮನೆಯ ಒಳಗೆ ಬಿಡುವುದಿಲ್ಲ. ನನ್ನ ಫೋಟೋ ನನ್ನನ್ನು ಕೇಳದೆ ಹಾಕಿದ್ದು.’ ಅದನ್ನೂ ತೆಗೆಸಿದಳು.

ಆಮೇಲೆ ಒಂದು ಮಧ್ಯಾಹ್ನ. ಪಾರ್ಸೆಲ್ ಡಬ್ಬಗಳಿಗೆ ಟೇಪು ಹಚ್ಚುತ್ತಿದ್ದ ಸೌಮ್ಯಳಿಗೆ ಗೋಡೆಯಾಚೆಯಿಂದ ಅತ್ತೆಯ ದನಿ ಕೇಳಿಸಿತು. ಕಿವುಡರಿಗೆ ಹೇಳುವ ಹಾಗೆ ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಿದ್ದರು.

“ಈ. ಉಪ್ಪಿನಕಾಯಿ. ನಾನು. ಮಾಡಿದ್ದಲ್ಲ.” ಮರುಕ್ಷಣವೇ ಸಿಡುಕಿ, “ಅಲ್ಲ. ‘ನಾನು ಮಾಡಿದ್ದೆಲ್ಲ’ ಅಲ್ಲ. ಮಾ-ಡಿ-ದ್ದ-ಲ್ಲ.”

ಸೌಮ್ಯಳ ಕೈಯಲ್ಲಿ ಟೇಪು ಅಂಟಿಕೊಂಡಿತು. ಎರಡು ವರ್ಷದಿಂದ ಈ ದನಿ ತನ್ನನ್ನು ಬಿಟ್ಟು ಉಳಿದವರಿಗೆಲ್ಲ ಮಾತಾಡಿತ್ತು, ಈಗ ಫೋನಿಗೂ ಮಾತಾಡುತ್ತಿತ್ತು. ಅವಳು ಟೇಪನ್ನು ಕಿತ್ತೆಸೆದು ಆಚೆ ಕೋಣೆಯ ಬಾಗಿಲು ನೂಕಿದಳು.

ಪರಮೇಶ್ವರಿ ಮಂಚದ ಮೇಲೆ ಕುಳಿತಿದ್ದರು. ಫೋನನ್ನು ದಿಂಬಿಗೆ ಒರಗಿಸಿದ್ದರು. ಸೊಸೆಯನ್ನು ಕಂಡು ಅದನ್ನು ಅಡಗಿಸಲು ಹೋಗಲಿಲ್ಲ.

“ನಿಮಗೆ ನಾಚಿಕೆ ಆಗುದಿಲ್ವಾ?” ಎಂದಳು ಸೌಮ್ಯ. “ಮನೆಯ ಮರ್ಯಾದೆಯನ್ನು ಊರಿನವರ ಎದುರು ತೆಗೀತೀರಲ್ಲ.”

“ನಾನು ಸುಳ್ಳು ಬರೆದೆನಾ?”

“ಎಂತ ಬೇಕು ನಿಮಗೆ?”

“ಸುಳ್ಳು ಬರೆದೆನಾ, ಅದನ್ನು ಹೇಳು.” ಬಲಗೈ ಮಡಿಲಲ್ಲಿ ಅದರಷ್ಟಕ್ಕೆ ಕುಣಿಯುತ್ತಿತ್ತು. ಅವರು ಅದನ್ನು ಎಡಗೈಯಿಂದ ಒತ್ತಿ ಹಿಡಿದರು. “ನನ್ನ ಮೋರೆ ಬೇಕು, ನಾನು ಬೇಡ. ಹಾಗೆ ಅಲ್ವಾ? ಅವರನ್ನು ಎಲ್ಲಿ ಹಾಕಿದೆ? ನನ್ನ ಹತ್ತಿರ ಕೂತಿದ್ದವರನ್ನು? ಅವರು ಹೇಳಿದ್ದಕ್ಕೆ ನಾನು ನಕ್ಕದ್ದು. ನಿನ್ನ ಗಿರಾಕಿಗಳನ್ನು ನೋಡಿ ನಕ್ಕದ್ದಲ್ಲ.”

ಸೌಮ್ಯ ಮಂಚದ ಹತ್ತಿರಕ್ಕೆ ಬಂದಳು. ಬಾಯಿಗೆ ಬಂದದ್ದು ಬೇರೆಯೇ. “ನಿಮ್ಮ ಈ ಕೈ ನೋಡಿದ್ರೆ ಯಾರಾದರೂ ಒಂದು ಬಾಟ್ಲಿ ತಗೊಳ್ತಾರಾ? ಫೋಟೋದಲ್ಲಿ ಕೈ ನಡುಗುದಿಲ್ಲ, ಅದಕ್ಕೆ ಹಾಕಿದ್ದು!”

ಪರಮೇಶ್ವರಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವರು ಬಹಳ ಮೆಲ್ಲಗೆ ಮಾತಾಡಿದರು.

“ನನ್ನ ಕೈಯ ಕಥೆ ಇರಲಿ. ನಿನ್ನ ಕೈಗೆ ಎಂತ ಆಗಿದೆ? ಅರೆಯುವುದು ನೀನು, ತುಂಬುವುದು ನೀನು. ನಿನ್ನ ಹೆಸರು ಹಾಕು. ಯಾರು ಬೇಡ ಹೇಳಿದ್ದು? ನಿನಗೆ ಹೆದರಿಕೆ. ನಿನ್ನ ಮೋರೆ ನೋಡಿ ಯಾರೂ ತಗೊಳ್ಳುದಿಲ್ಲ ಅಂತ.”

“ನಾನು ಹೆದರುದಾ?” ಸೌಮ್ಯಳ ದನಿ ಏರಿತು. “ಮದುವೆಯಾಗಿ ಬಂದಂದಿನಿಂದ ಅರೆದದ್ದು ನಾನು. ಪಂಕ್ತಿಯಲ್ಲಿ ಎಲ್ಲರೂ ‘ಪರಮೇಶ್ವರಿ ಅಕ್ಕನ ಉಪ್ಪಿನಕಾಯಿ’ ಅಂತ ಚಪ್ಪರಿಸಿದ್ರು. ನೀವು ಒಂದು ಸಲ, ಒಂದೇ ಒಂದು ಸಲ, ‘ಇದು ನನ್ನ ಸೊಸೆ ಮಾಡಿದ್ದು’ ಅಂತ ಬಾಯಿ ಬಿಟ್ಟಿದ್ದೀರಾ?”

“ಇಲ್ಲ,” ಎಂದರು ಪರಮೇಶ್ವರಿ. “ಯಾಕೆ ಹೇಳ್ಬೇಕು? ಆಗ ನೀನು ಮಾಡ್ತಾ ಇದ್ದದ್ದು ನನ್ನದು.”

ಸೌಮ್ಯ ಬಾಗಿಲನ್ನು ಬಡಿದು ಹೊರಗೆ ಬಂದಳು.

ಈ ಸಲ ಜಂಶೀರ್ ನೋಡುವ ಮೊದಲೇ ಆ ಬರಹವನ್ನು ಹಲವರು ಓದಿದ್ದರು. ಅದರ ಕೆಳಗೆ ಮೈಸೂರಿನ ಹೆಂಗಸೊಬ್ಬಳು ಕೇಳಿದ್ದಳು: ‘ಹಾಗಾದರೆ ಮಾಡುವವರು ಯಾರು?’

“ಎರಡನ್ನೂ ತೆಗೀಲಾ ಅಕ್ಕಾ? ಒಂದು ನಿಮಿಷದ ಕೆಲಸ,” ಎಂದ ಜಂಶೀರ್ ಫೋನಿನಲ್ಲಿ.

“ಈಗ ಬೇಡ.”

ಅವಳು ಆ ಪ್ರಶ್ನೆಯನ್ನು ಎರಡು ದಿನ ಹೊತ್ತುಕೊಂಡು ತಿರುಗಿದಳು. ಪೇಟೆಯ ಕೊರಿಯರ್ ಆಫೀಸಿನಲ್ಲಿ ಡಬ್ಬ ತೂಗುವ ಹುಡುಗಿ, “ಅಜ್ಜಿ ಹುಷಾರಾಗಿದ್ದಾರಾ?” ಎಂದು ಕೇಳಿದಾಗ ಸೌಮ್ಯಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅತ್ತೆಯ ಮೇಲೆ ಸಿಟ್ಟು ಇಳಿದಿರಲಿಲ್ಲ. ಆದರೆ ಆ ಸಿಟ್ಟಿನ ಒಳಗೆ ಬೇರೆ ಒಂದು ಸಿಟ್ಟು ಇತ್ತು, ಅದು ತನ್ನ ಮೇಲೆಯೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಡಬ್ಬಗಳನ್ನು ಅಲ್ಲಿ ಬಿಟ್ಟು ಸೀದಾ ಬೋವಿಕಾನದ ಬಸ್ಸು ಹತ್ತಿದಳು.

“ಅತ್ತೆಯ ಫೋಟೋ ತೆಗಿ. ಹೆಸರೂ ತೆಗಿ,” ಎಂದಳು ಜಂಶೀರನಿಗೆ.

ಅವನು ಕುರ್ಚಿಯಲ್ಲಿ ನೆಟ್ಟಗಾದ. “ಎಂತ ಅಕ್ಕಾ ನೀವು! ಸೈಟು ನಿಂತದ್ದೇ ಅದ್ರ ಮೇಲೆ. ಗಿರಾಕಿ ಎಲ್ಲ ಹೋಗ್ತಾರೆ.”

“ಹೋಗಲಿ. ಆ ಜಾಗಕ್ಕೆ ನನ್ನದು ಹಾಕು.”

ಜಂಶೀರ್ ಅವಳನ್ನು ಬಿಳಿ ಗೋಡೆಯ ಎದುರು ನಿಲ್ಲಿಸಿದ. ಸ್ವಲ್ಪ ನಗಿ ಎಂದ. ಅವಳು ಪ್ರಯತ್ನಿಸಿದಳು, ಆಗಲಿಲ್ಲ. ಮತ್ತೊಮ್ಮೆ ಹೇಳಿದಾಗ, “ನಗು ಬೇಡ. ಇದ್ದ ಹಾಗೆ ತೆಗಿ,” ಎಂದು ಗದರಿದಳು. ಮೈಸೂರಿನವಳ ಪ್ರಶ್ನೆಗೆ ಅವನ ಕೀಬೋರ್ಡಿನಲ್ಲಿ ತಾನೇ ಉತ್ತರ ಟೈಪು ಮಾಡಿದಳು: ‘ನಾನು ಮಾಡಿದ್ದು. ಸೌಮ್ಯಶ್ರೀ, ಮುಳ್ಳೇರಿಯ. ಸೈಟಿನಲ್ಲಿ ನಾನು ಮೊದಲು ಬರೆದದ್ದು ನಿಜವಲ್ಲ.’ ಅತ್ತೆಯ ಮಾತನ್ನು ಅಳಿಸಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ.

ಗಿರಾಕಿಗಳು ಹೋದರು. ‘ಅಜ್ಜಿಯ ಹೆಸರಲ್ಲಿ ಮೋಸ’ ಎಂದು ಒಬ್ಬ ಬರೆದ. ‘ಇವಳ ಮುಖ ನೋಡಿದರೆ ಉಪ್ಪಿನಕಾಯಿಯೂ ಹುಳಿಯಾಗಬಹುದು’ ಎಂದು ಇನ್ನೊಬ್ಬ. ಅದನ್ನೂ ಅವಳು ತೆಗೆಸಲಿಲ್ಲ. ಮೈಸೂರಿನವಳು ಮಾತ್ರ ಏನೂ ಬರೆಯದೆ ಮಿಡಿಯ ಎರಡು ಬಾಟ್ಲಿ ತರಿಸಿಕೊಂಡಳು. ಕೊರಿಯರ್ ಆಫೀಸಿಗೆ ದಿನಾ ಹೋಗುತ್ತಿದ್ದವಳು ವಾರಕ್ಕೊಮ್ಮೆ ಹೋಗುವ ಹಾಗಾಯಿತು. ಮನೆಯಲ್ಲಿ ಅತ್ತೆ ಸೈಟಿನ ವಿಷಯ ಎತ್ತಲಿಲ್ಲ; ನೋಡಿದ್ದಾರೆ ಎಂಬುದು ಸೌಮ್ಯಳಿಗೆ ಗೊತ್ತಿತ್ತು. ಗೋಡೆಯಾಚೆಯ ದನಿ ನಿಂತಿತ್ತು.

ಒಂದು ಭಾನುವಾರ ಗಣೇಶಪ್ರಸಾದ ಹಿಂದಿನ ಜಗಲಿಗೆ ಬಂದು, ಅಮ್ಮನ ಎದುರು ಸ್ಟೂಲು ಹಾಕಿ ಕುಳಿತ. ಪರಮೇಶ್ವರಿ ಗೋಡೆಗೆ ಒರಗಿ, ಇಕ್ಕಟ್ಟಾದ ಜಗಲಿಗೆ ಅಡ್ಡವಾಗಿ ಕಾಲು ಚಾಚಿದ್ದರು. ಸೌಮ್ಯ ಒಳಗೆ ನಿಂಬೆಹೋಳಿಗೆ ಉಪ್ಪು ತಿಕ್ಕಿ ಗೆರಸೆಯಲ್ಲಿ ಹರಡುತ್ತಿದ್ದಳು.

“ಅಮ್ಮಾ, ನೀನು ಒಂದು ಮಾತು ಹೇಳಿದ್ರೆ ಸಾಕು,” ಎಂದು ಅವನು ಶುರು ಮಾಡಿದ. “ಫೋಟೋ ಇನ್ನೊಮ್ಮೆ ಹಾಕುವ. ಅಪ್ಪನದ್ದೂ ಸೇರಿಸಿ ಬೇಕಾದರೆ. ನೀನು ಎಂತದೂ ಮಾಡ್ಬೇಕಾಗಿಲ್ಲ. ಸುಮ್ಮನೆ ಇದ್ರೆ ಆಯ್ತು.”

“ಸುಮ್ಮನೆ ಇರ್ಲಿಕ್ಕೆ ನಾನು ಸತ್ತಿಲ್ಲ,” ಎಂದರು ಪರಮೇಶ್ವರಿ.

“ಹಾಗಲ್ಲ ಅಮ್ಮಾ. ಜನಕ್ಕೆ ಅಜ್ಜಿ ಬೇಕು. ಇವಳ ಫೋಟೋ ನೋಡಿ ಯಾರು...”

“ನನ್ನ ಫೋಟೋಕ್ಕೆ ಎಂತ ಆಗಿದೆ?” ಸೌಮ್ಯ ಗೆರಸೆ ಎತ್ತಿಕೊಂಡು ಬಾಗಿಲಿಗೆ ಬಂದಿದ್ದಳು.

“ನಾನು ವ್ಯಾಪಾರದ ಮಾತು ಹೇಳಿದ್ದು ಮಾರಾಯ್ತಿ.”

“ಫೋಟೋ ತೆಗೆದಾಯ್ತು. ಇನ್ನು ಹಾಕುದಿಲ್ಲ,” ಎಂದಳು ಅವಳು.

“ಹಾಕಿದ್ರೆ ನಾನು ಇನ್ನೊಮ್ಮೆ ಬರೀತೇನೆ,” ಎಂದರು ಪರಮೇಶ್ವರಿ.

ಗಣೇಶಪ್ರಸಾದ ಅವರನ್ನೂ ಇವಳನ್ನೂ ನೋಡಿದ. ಅವರಿಬ್ಬರೂ ಅವನನ್ನೇ ನೋಡುತ್ತಿದ್ದರು, ಪರಸ್ಪರ ನೋಡಲಿಲ್ಲ. ಅವನು ಏನೋ ಗೊಣಗಿ, ಸ್ಟೂಲನ್ನು ಅಲ್ಲೇ ಬಿಟ್ಟು, ಅಂಗಿ ಹಾಕಿಕೊಂಡು ಪೇಟೆಯ ಕಡೆಗೆ ನಡೆದ.

ಅಂಗಳಕ್ಕೆ ಬಿಸಿಲು ಬಂದಿತ್ತು. ಸೌಮ್ಯ ಗೆರಸೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹೋಳುಗಳಿಂದ ಉಪ್ಪುನೀರು ಅವಳ ಮುಂಗೈಗೆ ಇಳಿಯುತ್ತಿತ್ತು. ಪರಮೇಶ್ವರಿ ಎದುರಿನ ಬೇಲಿಯನ್ನು ನೋಡುತ್ತ ಕುಳಿತಿದ್ದರು. ತುಸು ಹೊತ್ತಿನ ನಂತರ, ಬೇಲಿಯಿಂದ ಕಣ್ಣು ತೆಗೆಯದೆ, ಎರಡೂ ಕೈಯಲ್ಲಿ ಮೊಣಕಾಲು ಹಿಡಿದು ಚಾಚಿದ್ದ ಕಾಲನ್ನು ಮೆಲ್ಲಗೆ ಮಡಚಿಕೊಂಡರು. ಸೌಮ್ಯ ದಾಟಿಕೊಂಡು ಅಂಗಳಕ್ಕೆ ಇಳಿದಳು.