ಅರ್ಧದಾರಿಯ ಹೊಲ

ಬಚಿಂತ್ ಸಿಂಗ್ ಅಣ್ಣನ ತಲೆಗೆ ಪೇಟ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತತೊಡಗಿದ. ಸುರೈನ್ ಸಿಂಗ್ ಬಲಗೈಯಲ್ಲಿ ಎರಡು ಬೆರಳಿಲ್ಲದೆಯೂ ಕನ್ನಡಿ ನೋಡದೆ ಕಟ್ಟಿಕೊಳ್ಳುತ್ತಿದ್ದ ಪೇಟ ಅದು. ಬೆರಳೆಲ್ಲ ಇದ್ದ ತಮ್ಮನ ಕೈಗೆ ಬಗ್ಗುತ್ತಿರಲಿಲ್ಲ.

ಸುರೈನ್ ಸಿಂಗನ ಮಗಳು ನಿರ್ಲೇಪ್ ಕೌರ್ ಅಪ್ಪನ ಹೆಣದ ಪಕ್ಕದಲ್ಲೇ ಕೂತಿದ್ದಳು. ಕಣ್ಣು ಮಾತ್ರ ಅಂಗಳದ ಬಿಸಿಲಿನ ಮೇಲಿತ್ತು. ಆಗಲೇ ಅದು ಕೈಪಂಪಿನ ಕಟ್ಟೆ ಹತ್ತಿತ್ತು.

"ಚಾಚಾ, ಎಷ್ಟೊತ್ತಿಗೆ ಎತ್ತೋದು?" ಚಿಕ್ಕಪ್ಪನನ್ನು ಕೇಳಿದಳು.

"ಅಣ್ಣನ ಪಲ್ಟನ್ನಿನ ಸಿಪಾಯಿಗಳು ಬರ್ಲಿ ಪುತ್ತರ್. ಬಿಗುಲ್ ಊದದೆ ಫೌಜೀನ ಕಳಿಸೋಕಾಗುತ್ತಾ?"

"ಅಷ್ಟರಲ್ಲಿ ಹೊಲಕ್ಕೆ ಹೋಗಿ ಬಂದ್ಬಿಡ್ಲಾ?"

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನೋಡಿದರು.

"ಅಪ್ಪನ್ನ ಮನೇಲಿ ಮಲಗಿಸಿ ಗೋಧಿ ನೋಡೋಕೆ ಹೋಗ್ತಾಳಂತೆ," ಬಚಿಂತ್ ಸಿಂಗ್ ಪೇಟದ ಅಂಚು ಹಲ್ಲಲ್ಲಿ ಕಚ್ಚಿಕೊಂಡೇ ಗದರಿದ. "ಗೋಧಿ ಮುಂದಿನ ವರ್ಷಾನೂ ಬರುತ್ತೆ. ಕೂತ್ಕೋ."

ಬರುತ್ತದೆ, ನಿಜ. ಆದರೆ ಆ ತೆನೆಗಳನ್ನು ಅಣಿಮಾಡಿದ ಕೈ ಬರುವುದಿಲ್ಲ. ಮೊನ್ನೆ ಅಪ್ಪ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು, ನಡುಗುವ ಕೈಯಲ್ಲಿ ಚಿಮಟ ಹಿಡಿದು, ಒಂದು ಸಾಲಿನ ತೆನೆಗಳಿಂದ ಗಂಡುಕೇಸರಗಳನ್ನೆಲ್ಲ ಕಿತ್ತು ಕಾಗದದ ಚೀಲ ಹಾಕಿದ್ದ. ಇವತ್ತು ಮಧ್ಯಾಹ್ನದೊಳಗೆ ಪಕ್ಕದ ಸಾಲಿನ ಪರಾಗ ಮುಟ್ಟಿಸಬೇಕು. ಇಲ್ಲದಿದ್ದರೆ ಆ ತೆನೆಗಳು ಜೊಳ್ಳು. ನಿನ್ನೆ ಮಲಗುವ ಮುಂಚೆಯೂ ಹೇಳಿದ್ದ: "ನಾನು ಏಳ್ಲಿ ಬಿಡ್ಲಿ, ನೀನು ಹೋಗು." ಅವಳು ಹೂಂ ಅಂದಿದ್ದಳು. ಆ ಹೂಂ ಈಗ ಅವಳನ್ನು ಕೂರಲು ಬಿಡುತ್ತಿರಲಿಲ್ಲ.

ಪೇಟ ಅಂತೂ ನಿಂತಿತು. ಬಚಿಂತ್ ಸಿಂಗ್ ಹೊರಗೆ ಹೋಗಿ, ಬೆಳಿಗ್ಗೆಯೇ ಕೊಯ್ದಿಟ್ಟಿದ್ದ ಒಂದು ಹೊರೆ ಹಸಿರು ತೆನೆ ತಂದು ಅಣ್ಣನ ಎದೆಯ ಮೇಲೆ ಹರಡಿದ.

"ತುಂಬಿ ಬಾಳಿದ ಮುದುಕರ ಚಟ್ಟಕ್ಕೆ ಎಲ್ಲರೂ ಬಲೂನು ಕಟ್ತಾರೆ. ನಮ್ಮಣ್ಣಂಗೆ ಗೋಧೀನೇ ಅಲಂಕಾರ," ಎಂದ ಹೆಮ್ಮೆಯಿಂದ.

ನಿರ್ಲೇಪ್ ತೆನೆಯೊಂದನ್ನು ಹಿಡಿದು ನೋಡಿದಳು. "ಎಲ್ಲಿಂದ ಕೊಯ್ದ್ರಿ?"

"ಕೆಂಪು ದಾರ ಕಟ್ಟಿತ್ತಲ್ಲ, ಆ ಸಾಲು. ಅವನ ಮುದ್ದಿನ ಸಾಲು ಅದೇ ಇರ್ಬೇಕು ಅಂತ ಒಂದೂ ಬಿಡದೆ ಕೊಯ್ದೆ."

"ಚೀಲ ಹಾಕಿದ್ದು?"

"ಅದನ್ನ ಮುಟ್ಲಿಲ್ಲ. ರೋಗದ್ದು ಅಲ್ವಾ, ಮುಸುಕು ಹಾಕಿರೋದು?"

"ಚಾಚಾ, ಅದು ಹೆಣ್ಣು ಸಾಲು. ನೀವು ಕೊಯ್ದು ತಂದಿರೋದು ಗಂಡು, ಪರಾಗ ಇರೋದು ಇದ್ರಲ್ಲೇ."

ಬಚಿಂತ್ ಸಿಂಗ್ ಅಣ್ಣನ ಮುಖ ನೋಡಿದ, ಬೈಸಿಕೊಳ್ಳಲು ಕಾದವನಂತೆ. ಜೀವಮಾನವಿಡೀ ಬೈದಿದ್ದ ಅಣ್ಣ ಸುಮ್ಮನೆ ಮಲಗಿದ್ದ.

*

ಅರವತ್ತೈದರ ಯುದ್ಧದಲ್ಲಿ ಸುರೈನ್ ಸಿಂಗ್ ಟ್ಯಾಂಕು ಓಡಿಸುತ್ತಿದ್ದ. ಗಡಿಯ ಹತ್ತಿರ ಆಳೆತ್ತರದ ಜೋಳದ ಹೊಲಕ್ಕೆ ನುಗ್ಗಿಸಬೇಕಾಗಿ ಬಂತು. ಬದುವಿನ ಮೇಲೆ ಒಬ್ಬ ಮುದುಕಿ ನಿಂತಿದ್ದಳು. ಊರೆಲ್ಲ ಓಡಿಹೋದರೂ ಅವಳು ಹೋಗಿರಲಿಲ್ಲ.

"ಬಯ್ಯಲಿಲ್ಲ ಕಣೇ," ಎಂದು ಅಪ್ಪ ಹೇಳುತ್ತಿದ್ದ. "'ಬೀಜಕ್ಕಾದ್ರೂ ನಾಲ್ಕು ತೆನೆ ಬಿಟ್ಟು ಹೋಗು ಪುತ್ತರ್' ಅಂದ್ಲು. ನಾನು ಬಿಡಲಿಲ್ಲ. ಆರ್ಡರ್ ಇತ್ತು."

ಬೆರಳು ಹೋದದ್ದು ಅದೇ ಸಂಜೆ. ಆಸ್ಪತ್ರೆಯಿಂದ ಎದ್ದವನು ಸೀದಾ ಕೃಷಿ ಕಾಲೇಜಿನ ಬಾಗಿಲು ತಟ್ಟಿದ. ಆಮೇಲೆ ಎಷ್ಟೋ ಹೊಸ ಗೋಧಿ ತಳಿ ಮಾಡಿದ, ಸನ್ಮಾನ ಮಾಡಿಸಿಕೊಂಡ. ಆದರೂ ಸುಗ್ಗಿ ಹತ್ತಿರ ಬಂದಾಗ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

*

ಪಲ್ಟನ್ನಿನ ಮುದುಕರು ಬಂದರು. ಎದೆಯ ಮೇಲೆ ಪದಕ, ಮಂಡಿಯಲ್ಲಿ ನೋವು. ಚಟ್ಟ ಎದ್ದಿತು.

ಅರ್ಧದಾರಿಯ ಆಲದ ಮರದ ಕೆಳಗೆ ಹೆಣ ಇಳಿಸಿ, ನೀರಿನ ಮಡಕೆ ಒಡೆದು, ಮತ್ತೆ ಎತ್ತುವುದು ಆ ಊರಿನ ರೂಢಿ. ಹೆಗಲು ಕೊಟ್ಟವರು ಬಗ್ಗಲು ಹೊರಟಾಗ ನಿರ್ಲೇಪ್ ಅಡ್ಡ ನಿಂತಳು.

"ಇಲ್ಲಿ ಬೇಡ. ಸ್ವಲ್ಪ ಮುಂದೆ, ಹೊಲದ ಬದುವಿಗೆ."

"ನಿಮ್ಮಜ್ಜ, ಮುತ್ತಜ್ಜ ಎಲ್ಲ ಇಳಿದಿದ್ದು ಇದೇ ಮರದ ಕೆಳಗೆ," ಎಂದರು ಯಾರೋ.

ಎಲ್ಲರೂ ಬಚಿಂತ್ ಸಿಂಗನ ಕಡೆ ತಿರುಗಿದರು. ಮಡಕೆ ಹಿಡಿದಿದ್ದ ಅವನು ತಲೆ ಎತ್ತಲಿಲ್ಲ. "ಅವಳು ಹೇಳಿದ ಕಡೆ ಇಳಿಸ್ರಪ್ಪ," ಎಂದ.

ಚಟ್ಟ ಬದುವಿಗೆ ಇಳಿದ ಮೇಲೆ ಅವಳು ಅಪ್ಪನ ಎದೆಯ ಮೇಲಿಂದ ತೆನೆಗಳನ್ನು ಎತ್ತಿಕೊಂಡಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕತ್ತರಿಯಿಂದ ಒಂದೊಂದು ಹೂವಿನ ತುದಿ ಕತ್ತರಿಸಿ ಬಿಸಿಲಿಗೆ ಹಿಡಿದಳು. ಕೊಯ್ದು ಬಹಳ ಹೊತ್ತಾಗಿತ್ತು. ಏನೂ ಕಾಣಲಿಲ್ಲ. ಅವಳು ತೆನೆ ಕೆಳಗಿಳಿಸಲಿಲ್ಲ.

ಮೆಲ್ಲಗೆ ಪರಾಗ ಹೊತ್ತ ಒಂದು ಹಳದಿ ಎಳೆ ಹೊರಬಂತು. ಆಮೇಲೆ ಇನ್ನೊಂದು.

"ನಾನೇನು ಮಾಡ್ಲಿ?" ಬಚಿಂತ್ ಸಿಂಗ್ ಕೇಳಿದ.

"ಗಾಳಿಗೆ ಅಡ್ಡ ನಿಂತ್ಕೊಳ್ಳಿ."

ಅವನು ನಿಂತ. ಪಲ್ಟನ್ನಿನ ಮುದುಕರೂ ಬಂದು ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ನಿಂತರು. ಬಿಗುಲಿನವನು ಬಿಗುಲನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಲು ಹರಡಿ ಹಿಡಿದ. ಆ ಗೋಡೆಯ ಮರೆಯಲ್ಲಿ ಅವಳು ಚೀಲಗಳ ಬಾಯಿ ಬಿಚ್ಚಿ, ಗಂಡುತೆನೆಯನ್ನು ಒಳಗೆ ತಿರುಗಿಸಿ, ಮತ್ತೆ ಕಟ್ಟುತ್ತಾ ಹೋದಳು. ಯಾರೂ ಅವಸರ ಮಾಡಲಿಲ್ಲ.

ಕೊನೆಯ ಚೀಲ ಕಟ್ಟಿ, ಬರಿದಾದ ತೆನೆಗಳನ್ನು ಅಪ್ಪನ ಎದೆಯ ಮೇಲೆ ತಿರುಗಿ ಇಟ್ಟು, ಅವಳು ಆಗ ಅತ್ತಳು.

ಬಚಿಂತ್ ಸಿಂಗ್ ಮಡಕೆಯನ್ನು ಎತ್ತಿ ಹಿಡಿದ. ಹಾಗೇ ತಡೆದ. ಬದುವಿನಿಂದ ಕೆಳಗಿಳಿದು, ಚೀಲ ಹೊತ್ತು ನಿಂತ ಸಾಲಿನ ಬುಡಕ್ಕೆ ನೀರನ್ನೆಲ್ಲ ಹನಿ ಬಿಡದೆ ಸುರಿದ. ಬರಿ ಮಡಕೆಯನ್ನು ತಂದು ಬದುವಿನ ಕಲ್ಲಿಗೆ ಒಡೆದ.