ಎದ್ದು ಹೋದವಳ ಸರದಿ

ಟೈಲರ್ ಅಂಗಡಿಯಲ್ಲಿ ಹೊಲಿಯುವವರು ಆರು ಜನ, ಗುಂಡಿಗೆ ಕಾಜಾ ಹಾಕುವ ಮಷಿನ್ ಒಂದೇ. ಅದು ಖಾಲಿಯಾದಾಗ ಅಂಗಿಗಳ ಕಟ್ಟು ಹಿಡಿದು ಪಕ್ಕದಲ್ಲಿ ನಿಂತವರು ಕೂರಬೇಕು. ಮಾಸ್ಟರ್ ಮಾಡಿದ ನಿಯಮ. ಮೊದಲ ವಾರ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ನನ್ನ ಜಾಗ ಬಾಗಿಲ ಬಳಿ. ಹೆಂಗಸರು ಅಳತೆ ಕೊಡಲು ಬಂದರೆ ಟೇಪು ಹಿಡಿಯಲು ನನಗೇ ಕರೆ. ಹೋಗಿ ಬರುವಷ್ಟರಲ್ಲಿ ಇನ್ಯಾರೋ ಕೂತಿರುತ್ತಿದ್ದರು. ಮತ್ತೆ ನಿಲ್ಲುತ್ತಿದ್ದೆ, ಮತ್ತೆ ಕರೆ. ಆ ಗುರುವಾರ ಮಧ್ಯಾಹ್ನದೊಳಗೆ ಏಳು ಸಲ ನಿಂತಿದ್ದೆ. ಒಂದು ಕಾಜಾನೂ ಆಗಿರಲಿಲ್ಲ.

ಮಾಸ್ಟರ್ ನನ್ನ ಕಟ್ಟು ನೋಡಿದರು.

"ಏನಮ್ಮಾ, ಮೊಟ್ಟೆಗೆ ಕಾವು ಕೊಡೋಕೆ ಕೂತಿದ್ದೀಯಾ? ಸಂಜೆಗೆ ಇದು ಮುಗೀದಿದ್ರೆ ನಾಳೆಯಿಂದ ಹೊಲಿಗೆ ಬಿಟ್ಟು ನೂಲು ಕತ್ತರಿಸ್ತಾ ಕೂತ್ಕೋ."

"ಮಷಿನ್ ಸಿಗಲಿಲ್ಲ."

"ಯಾರು ಬೇಡ ಅಂದ್ರು? ಎಲ್ರಿಗೂ ಒಂದೇ ನಿಯಮ."

ಹೊಲಿಗೆ ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು. ನೂಲು ಕತ್ತರಿಸುವ ಮೂಲೆಗೆ ಹೋದವರು ಯಾರೂ ಹೊಲಿಗೆಗೆ ಹಿಂದಿರುಗಿ ಬಂದಿರಲಿಲ್ಲ.

ಎಂಟನೇ ಸಲ ಎದ್ದು ನಿಂತೆ. ನನ್ನನ್ನು ಇಲ್ಲಿ ಕೆಲಸಕ್ಕೆ ಸೇರಿಸಿದ ಚಿಕ್ಕಮ್ಮ ತನ್ನ ಕಟ್ಟು ಹಿಡಿದು ಹಿಂದೆ ಬಂದು ನಿಂತಳು. ಮಷಿನ್ ಮುಂದೆ ಕೂತಿದ್ದ ಗುಂಡಕ್ಕ ಕೊನೆಯ ಅಂಗಿ ಮುಗಿಸುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿ.

"ಬಾಮ್ಮಾ, ಟೇಪು!" ಮಾಸ್ಟರ್ ನನ್ನನ್ನು ಕರೆದರು.

"ಬರಲ್ಲ."

ಮಷಿನ್‌ಗಳ ಸದ್ದು ಒಂದೊಂದಾಗಿ ನಿಂತಿತು.

"ಏನಂದೆ?"

"ನಾನು ಹೋಗೋದು ನಿಮ್ಮ ಕೆಲಸಕ್ಕೇ ಮಾಸ್ಟರ್. ಹೋದಾಗೆಲ್ಲ ನನ್ನ ಸರದಿ ಹೋಗತ್ತೆ. ಗುಂಡಕ್ಕ ಆಗಲೇ ಮೂರು ಸಲ ಕೂತ್ರು."

"ಅಯ್ಯೋ ತಾಯಿ, ನನ್ನ ಯಾಕೆ ಎಳೀತೀಯೇ!" ಗುಂಡಕ್ಕ ನಕ್ಕಳು. "ಇದಕ್ಕೆ ಬಾಯೇ ಇಲ್ಲ ಅಂದ್ಕೊಂಡಿದ್ವಿ, ನೋಡಿದ್ರೆ ಹಲ್ಲೂ ಇದೆ!"

ಮಾಸ್ಟರ್ ದನಿ ತಗ್ಗಿಸಿದರು. "ಆಯ್ತು, ಇವತ್ತೊಂದಿನ ನೀನೇ ಮೊದಲು ಮಾಡ್ಕೋ. ಈಗ ಬಾ."

"ಇವತ್ತೊಂದಿನ ಬೇಡ. ಯಾರೇ ಕೆಲಸಕ್ಕೆ ಎದ್ದು ಹೋದ್ರೂ ಅವರ ಸರದಿ ಇಲ್ಲೇ ಇರ್ಬೇಕು. ಎಲ್ರಿಗೂ ಕೇಳೋ ಹಾಗೆ ಹೇಳಿ."

"ಲೇ, ಸುಮ್ನಿರೇ," ಚಿಕ್ಕಮ್ಮ ಬೆನ್ನಿಗೆ ತಿವಿದಳು.

"ಇವಳಿಗೆ ಸೊಕ್ಕು," ಎಂದು ಮಾಸ್ಟರ್ ಚಿಕ್ಕಮ್ಮನ ಕಡೆ ಕೈ ಮಾಡಿದರು. "ನೀನು ಬಾಮ್ಮಾ, ಟೇಪು ಹಿಡಿ."

ಚಿಕ್ಕಮ್ಮ ಒಂದು ಹೆಜ್ಜೆ ಇಟ್ಟಳು. ತನ್ನ ಕಟ್ಟು ನೋಡಿಕೊಂಡಳು. ನಿಂತಳು.

"ನನ್ನ ಸರದಿ ಇರತ್ತಾ ಮಾಸ್ಟರ್?"

ಗಿರಾಕಿ ಹೊರಡಲೆಂದು ಚಪ್ಪಲಿ ಕಡೆ ತಿರುಗಿದರು.

"ಇರತ್ತೆ! ಎಲ್ಲರದ್ದೂ ಇರತ್ತೆ ಕಣ್ರಮ್ಮಾ, ಯಾರು ಎದ್ದು ಹೋದ್ರೂ ಇರತ್ತೆ! ಯಾರಾದ್ರೂ ಒಬ್ರು ಬನ್ನಿ!"

ನಾನೇ ಹೋದೆ. ಅವಸರ ಮಾಡದೆ ತೋಳು, ಎದೆ, ಸೊಂಟ ಎಲ್ಲ ಅಳೆದೆ. ತಿರುಗಿ ಬಂದಾಗ ಮಷಿನ್ ಖಾಲಿಯಿತ್ತು. ಅದರ ಮುಂದೆ ಚಿಕ್ಕಮ್ಮ ಕಾವಲು ನಿಂತಿದ್ದಳು. ಹನ್ನೆರಡು ಅಂಗಿ, ಸಂಜೆಗೆ ಇನ್ನೂ ಮೂರು ಗಂಟೆ. ಕೂತೆ.